ಗಾಜಿನ ತೊಟ್ಟಿಯ ನೆಲ

ಅಮರಕೋಶವು ಭೂಮಿಯನ್ನು 'ಸರ್ವಂಸಹಾ' ಎಂದು ಕರೆಯುತ್ತದೆ. ಎಲ್ಲವನ್ನೂ ತಾಳಿಕೊಳ್ಳುವವಳೆಂದು ಇದರ ಅರ್ಥ. ಆದರೆ ಮೀನುಗಳ ತೊಟ್ಟಿಯಲ್ಲಿ ನಾವು ಹಾಸುವ ಎರಡಂಗುಲದ ಭೂಮಿಗೆ ಈ ಗುಣವಿಲ್ಲ. ಅದರ ದೋಷವು ನೀರಿಗಿಳಿಯುವುದು, ನೀರಿನ ದೋಷವು ಮೀನಿನ ಪ್ರಾಣಕ್ಕೆ ಬರುವುದು. ಓಡಿಹೋಗಲು ಬೇರೆ ಹೊಳೆಯಿಲ್ಲದ ಮೂಕಪ್ರಾಣಿಗಳನ್ನು ಮನೆಗೆ ತರುವ ಮೊದಲು ಗೃಹಸ್ಥರು ಈ ನೆಲದ ವಿಚಾರವನ್ನು ತಿಳಿದಿರತಕ್ಕದ್ದು.

ಗಿಡಗಳುಳ್ಳ ತೊಟ್ಟಿಯಲ್ಲಿ ನೆಲಕ್ಕೆ ಎರಡು ಕೆಲಸಗಳುಂಟು: ಬೇರಿಗೆ ಆಧಾರವಾಗುವುದು, ಆಹಾರವನ್ನೊದಗಿಸುವುದು. ಬರಿಯ ಮರಳು ಮೊದಲನೆಯದನ್ನು ಮಾತ್ರ ಮಾಡಬಲ್ಲುದು. ಬರಿಯ ಮಣ್ಣು ನೀರನ್ನು ಕದಡುವುದು. ಆದಕಾರಣ ಕೆಳಗೆ ಒಂದಂಗುಲ ಮಣ್ಣು, ಅದರ ಮೇಲೆ ಒಂದಂಗುಲಕ್ಕೆ ತುಸು ಹೆಚ್ಚಾಗಿ ಮರಳು ಹಾಸುವುದು ಅಲ್ಪವ್ಯಯದ ಉತ್ತಮಕ್ರಮ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಎಂಬಾಕೆಯು 1999ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇಂಥ ಕ್ರಮವು ಬಹು ಪ್ರಸಿದ್ಧವಾಯಿತು.

ಮಣ್ಣು ತೋಟದ್ದಾಗಬಹುದು, ಹಸಿಗೊಬ್ಬರವಾಗಲಿ ರಾಸಾಯನಿಕ ಗೊಬ್ಬರವಾಗಲಿ ಕೀಟನಾಶಕವಾಗಲಿ ಸೋಕಿದ್ದಾಗಬಾರದು. ಜರಡಿ ಹಿಡಿದು ನೀರಿನಲ್ಲಿ ನೆನೆಹಾಕಿ, ತೇಲುವ ಕಸವನ್ನು ತೆಗೆದು, ಕೆಲವು ದಿನ ನೀರನ್ನು ಬದಲಾಯಿಸುತ್ತಿರಬೇಕು. ಮರಳಿನ ಕಾಳು ರಾಗಿಯಷ್ಟಿದ್ದರೆ ಒಳ್ಳೆಯದು. ಅದಕ್ಕಿಂತ ಬಹಳ ನುಣುಪಾದರೆ ಒತ್ತಿಕೊಂಡು ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆ ಹುಟ್ಟುವುದು. ಬಹಳ ದಪ್ಪವಾದರೆ ಸಂದುಗಳಿಂದ ಮಣ್ಣು ಮೇಲೇಳುವುದು. ಮರಳಿನ ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟು ನೋಡಿರಿ. ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿಯಬೇಕು. ಅದು ನೀರನ್ನು ದಿನೇದಿನೇ ಗಡಸುಮಾಡುವುದರಿಂದ ವರ್ಜ್ಯ. ಸಾಬೂನನ್ನು ಸೋಕಿಸದೆ, ತೊಳೆದ ನೀರು ತಿಳಿಯಾಗುವವರೆಗೆ ಮರಳನ್ನು ತೊಳೆಯತಕ್ಕದ್ದು.

ಹಾಸಿದ ಮೇಲೆ ಒಂದು ತಟ್ಟೆಯನ್ನಿಟ್ಟು ಅದರ ಮೇಲೆ ಮೆಲ್ಲನೆ ನೀರೆರೆದರೆ ಪದರಗಳು ಕದಡವು. ಮೊದಲ ದಿನವೇ ಗಿಡಗಳನ್ನು ಒತ್ತಾಗಿ ನೆಡಬೇಕು. ವಲಿಸ್ನೇರಿಯವೂ, ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿಯೂ ಕೆಲವು ಜಾತಿಗಳು ಬೆಳೆಯುವ ಕ್ರಿಪ್ಟೊಕೊರಿನೆಯೂ ಬೇರಿನಿಂದ ಚೆನ್ನಾಗಿ ಆಹಾರವನ್ನೆಳೆಯುವಂಥವು.

ಇನ್ನು ಉಳಿದದ್ದು ಕಾಯುವ ಕೆಲಸ. ಬಹು ಜನರು ಎಡವುವುದು ಇಲ್ಲಿಯೇ. ಹೊಸ ಮಣ್ಣಿನಿಂದ ಅಮೋನಿಯವು ನೀರಿಗೆ ಸೇರುವುದು. ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಬಳಿಕ ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಮೊದಲಿನವೆರಡೂ ಮೀನಿಗೆ ವಿಷ. ಕಡೆಯದು ಮಿತಿಯಲ್ಲಿದ್ದರೆ ಬಾಧಕವಲ್ಲ, ಗಿಡಕ್ಕೆ ಆಹಾರವೂ ಹೌದು. ಈ ಜೀವಿಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುವುದು. ಅಂಗಡಿಯಲ್ಲಿ ದೊರೆಯುವ ಪರೀಕ್ಷಾದ್ರವದಿಂದ ನೋಡಿ, ಅಮೋನಿಯವೂ ನೈಟ್ರೈಟೂ ಕಾಣದಾದ ಮೇಲೆಯೇ ಮೀನನ್ನು ಬಿಡಬೇಕು. ಅದೂ ಮೊದಲು ಎರಡೋ ಮೂರೋ ಮಾತ್ರ.

ಮೀನಿಲ್ಲದ ತೊಟ್ಟಿಯ ಮುಂದೆ ಮಕ್ಕಳು ಹಟಮಾಡುವುದು ಸಹಜ. ಆಗ ಗಿಡದಲ್ಲಿ ಚಿಗುರಿದ ಹೊಸ ಎಲೆಗಳನ್ನು ದಿನವೂ ಎಣಿಸಿ ಬರೆದಿಡುವಂತೆ ಅವರಿಗೆ ಹೇಳಿರಿ. ಜೀವವನ್ನು ಕೊಂಡುತರುವುದು ಸುಲಭ, ಅದಕ್ಕೆ ನೆಲೆಯನ್ನು ಸಿದ್ಧಪಡಿಸುವುದು ಕಷ್ಟವೆಂಬುದನ್ನು ಅವರು ಈ ವಾರಗಳಲ್ಲಿ ಕಲಿತರೆ, ತೊಟ್ಟಿಗೆ ಮಾಡಿದ ವೆಚ್ಚವು ಸಾರ್ಥಕವೆಂದೇ ನಾವು ಎಣಿಸುವೆವು.