ಎಲೆಗಂಟಿದ ನೀಲಿ



ನಮ್ಮ ಮಲಯಾಳಿ ನೆರೆಹೊರೆಯವರು ಇಡವಪ್ಪಾತಿ ಎಂದು ಕರೆಯುವ ಮುಂಗಾರಿನ ಮೊದಲ ಕೆಲವು ಮಳೆಗಳು ಬಿದ್ದೊಡನೆ ಪುಲ್ಪಳ್ಳಿಯ ಮೆಣಸಿನ ತೋಟಗಳಲ್ಲಿ ಒಂದು ಹೊಸ ಬಣ್ಣ ಕಾಣಿಸಿಕೊಳ್ಳುವುದುಂಟು. ಆಸರೆಯ ಮರವನ್ನು ತಬ್ಬಿ ಏರಿದ ಬಳ್ಳಿಗಳ ಹಸುರೆಲೆಯ ಮೇಲೆ ತಿಳಿನೀಲಿಯ ಲೇಪ. ಇದು ಬೋರ್ಡೋ ದ್ರಾವಣದ ಗುರುತು ಎಂಬುದನ್ನು ನಮ್ಮ ಕೃಷಿಕ ಕುಟುಂಬಗಳಿಗೆ ಹೇಳಬೇಕಾಗಿಲ್ಲ. ಅದಕ್ಕೆ ಬೇಕಾದ ಹರಳನ್ನು ಕಬಿನಿಯ ಆಚೆ, ಬೈರಕುಪ್ಪೆಯ ಕಡೆ, ಮೈಲುತುತ್ತವೆಂದು ಕೇಳಿದರೆ ಈಚೆಯ ಅಂಗಡಿಯಲ್ಲಿ ತುರಿಶು ಎಂದು ಕೇಳಬೇಕು. ಹೊಳೆ ದಾಟಿದರೆ ಹೆಸರು ಮಾತ್ರ ಬೇರೆ.

ಮಳೆಗಾಲದಲ್ಲಿಯೇ ಸಿಂಪಡಿಸಬೇಕಾದ ಈ ಔಷಧವು ಮಳೆಗೆ ತೊಳೆದುಹೋಗದೆ ಎಲೆಯ ಮೇಲೆ ನಿಲ್ಲುವುದು ಹೇಗೆ? ಈ ತಿಂಗಳು ನಾವು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ಅಣುಗಳು ಒಂದು ವಸ್ತುವಿನ ಮೇಲ್ಮೈಯೊಡನೆ ಹೇಗೆ ವರ್ತಿಸುತ್ತವೆ ಎಂಬ ರಸಾಯನಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ಇದರೊಳಗೆ ಅಡಗಿದೆ. ಸೊರಗು ರೋಗದಿಂದ ತೋಟಕ್ಕೆ ತೋಟವೇ ಬೋಳಾದುದನ್ನು ಕಂಡ ನಮ್ಮ ಸೀಮೆಯಲ್ಲಿ ಇದನ್ನು ಕೇವಲ ಪಾಠಪುಸ್ತಕದ ವಿಷಯವೆನ್ನುವಂತಿಲ್ಲ.

ಮೊದಲು ಸ್ವಲ್ಪ ಇತಿಹಾಸ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುವ ರೂಢಿ ಇತ್ತು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜುರೋಗ ತಗಲದಿರುವುದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದನು. 1885ರಲ್ಲಿ ತನ್ನ ಪ್ರಯೋಗಗಳ ಫಲವನ್ನು ಪ್ರಕಟಿಸಿದನು. ನಮ್ಮ ಕಡೆ ಇದರ ಪ್ರಯೋಗ ಅಡಕೆಯ ತೋಟಗಳಲ್ಲಿ ನಡೆಯಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ಕಾರಣವನ್ನು ವಿವರಿಸಿದರು. ಅದುವರೆಗೆ ಅಡಕೆಯ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ರೈತರ ಕೈಗೆ ಸಿಂಪರಣೆಯ ಪಂಪು ಬಂದಿತು. ಅಡಕೆಯ ಕೊಳೆರೋಗ, ಮೆಣಸಿನ ಶೀಘ್ರ ಸೊರಗು ರೋಗ, ಇವೆರಡಕ್ಕೂ ಕಾರಣವಾದ ಜೀವಿಗಳು ಫೈಟಾಫ್ತೋರ ಎಂಬ ಒಂದೇ ಕುಲಕ್ಕೆ ಸೇರಿದವು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಸಸ್ಯನಾಶಕ. ಇದರ ಬೀಜಾಣುಗಳಿಗೆ ಬಾಲಗಳಿದ್ದು, ತೇವದ ಪದರದಲ್ಲಿ ಅವು ಈಜಬಲ್ಲವು. ಮಳೆಯೇ ಅವಕ್ಕೆ ದಾರಿ.

ಈಗ ಎಲೆಯ ಕಡೆಗೆ ನೋಡೋಣ. ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ಯಾರು ಕಂಡಿಲ್ಲ? ನೀರಿನ ಅಣುಗಳಿಗೆ ತಮ್ಮತಮ್ಮಲ್ಲಿ ಆಕರ್ಷಣೆ ಬಹಳ. ದ್ರವದ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ಕಡೆಯಿಂದಲೂ ಸಮನಾಗಿ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗಾದರೋ ಮೇಲುಗಡೆ ನೆರೆಯವರಿಲ್ಲ. ಆದುದರಿಂದ ಅದು ಒಳಕ್ಕೆ ಎಳೆಯಲ್ಪಟ್ಟು, ಹನಿಯು ದುಂಡಗಾಗುತ್ತದೆ. ಎಲೆಯ ಹೊರಮೈಯಲ್ಲಿ ಮೇಣದ ಪದರವಿರುವುದರಿಂದ ನೀರು ಅದಕ್ಕೆ ಒಲಿಯುವುದಿಲ್ಲ. ಮೆಣಸಿನ ಎಲೆ ಕೆಸುವಿನಷ್ಟು ನೀರನ್ನು ದೂಡದಿದ್ದರೂ ಅದಕ್ಕೂ ಮೇಣದ ಹೊದಿಕೆ ಉಂಟು.

ಇದನ್ನು ಸಡಿಲಿಸುವ ವಸ್ತುವೊಂದು ನಮ್ಮ ಬಚ್ಚಲಿನಲ್ಲಿಯೇ ಇದೆ. ಸೋಪಿನ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ತುದಿ ಜಿಡ್ಡಿಗೆ ಒಲಿಯುವಂಥದು. ಮೇಲ್ಮೈಯಲ್ಲಿ ಅದು ಸಾಲಾಗಿ ನಿಂತಾಗ ನೀರಿನ ಬಿಗುವು ತಗ್ಗಿ ಹನಿ ಹರಡುತ್ತದೆ. ಈ ವಿದ್ಯೆಯ ಮೊದಲ ಸೂಕ್ಷ್ಮ ಅಳತೆಗಳನ್ನು ಮಾಡಿದವರಲ್ಲಿ ಒಬ್ಬಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಗೃಹಿಣಿ ಎಂದರೆ ನಮ್ಮ ಸಹೋದರಿಯರಿಗೆ ಸಂತೋಷವಾದೀತು. ಜರ್ಮನಿಯ ಆಗ್ನೆಸ್ ಪೋಕೆಲ್ಸ್ ತಂದೆತಾಯಿಯರ ಶುಶ್ರೂಷೆ ಮಾಡುತ್ತ, ಅಡುಗೆಮನೆಯಲ್ಲಿ ಒಂದು ತಗಡಿನ ತೊಟ್ಟಿಯಿಂದ ನೀರಿನ ಮೇಲ್ಮೈಯನ್ನು ಪರೀಕ್ಷಿಸಿದಳು. ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿಗೆ ಅವಳು ಬರೆದ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅವಳ ತೊಟ್ಟಿಯ ಮಾದರಿಯನ್ನು ಮುಂದೆ ಬೆಳೆಸಿದ ಅಮೆರಿಕದ ಲ್ಯಾಂಗ್‌ಮ್ಯೂರ್‌ಗೆ ಮೇಲ್ಮೈ ರಸಾಯನಕ್ಕಾಗಿ 1932ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಆದರೆ ಹರಡಿದರೆ ಸಾಲದು, ಅಂಟಬೇಕು. ಹರಡಲೆಂದು ಸೋಪನ್ನು ಅತಿಯಾಗಿ ಬೆರೆಸಿದರೆ ಔಷಧವೆಲ್ಲ ಎಲೆಯಿಂದ ಜಾರಿ ನೆಲಕ್ಕೆ ಇಳಿಯುವುದು. ಭಾರಿ ಮಳೆಯ ಸೀಮೆಗಳಲ್ಲಿ ರಾಳವನ್ನು ಸೋಡಾದೊಡನೆ ಬೇಯಿಸಿ ಅಂಟಾಗಿ ಸೇರಿಸುವ ಪದ್ಧತಿ ಹುಟ್ಟಿದ್ದು ಇದಕ್ಕಾಗಿಯೇ. ಬೋರ್ಡೋ ದ್ರಾವಣಕ್ಕೆ ತನ್ನದೇ ಆದ ಅಂಟುಗುಣವೂ ಉಂಟು. ಮೈಲುತುತ್ತವು ನೀರಿನಲ್ಲಿ ಪೂರ್ತಿ ಕರಗುವ ವಸ್ತು. ಅದನ್ನೊಂದನ್ನೇ ಸಿಂಪಡಿಸಿದರೆ ಎಲೆ ಸುಡುತ್ತದೆ, ಉಳಿದುದು ಮಳೆಯೊಡನೆ ಹರಿದುಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರವು ಕರಗದ ಲೋಳೆಯಂತಹ ಅತಿ ಸೂಕ್ಷ್ಮ ಕಣಗಳಾಗುತ್ತದೆ. ಕಣ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಎಲೆಗೆ ಅಪ್ಪಿಕೊಳ್ಳುವ ಜಾಗವೂ ಹೆಚ್ಚು. ಒಣಗಿದ ಮೇಲೆ ಅದು ತೆಳುವಾದ ಪೊರೆಯಾಗಿ ನಿಂತು, ತೇವ ತಗಲಿದಾಗಲೆಲ್ಲ ತಾಮ್ರವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಈಜಿಬಂದ ಬೀಜಾಣುವಿಗೆ ಅಷ್ಟೇ ಸಾಕು.

ಹಿರಿಯರು ಹೇಳುವ ಕಟ್ಟಳೆಗಳ ಅರ್ಥ ಇದರಿಂದ ತಿಳಿಯುವುದು. ನೂರು ಲೀಟರು ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ. ಐವತ್ತು ಐವತ್ತು ಲೀಟರು ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಕಲಕುತ್ತ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹಿಂದುಮುಂದಾದರೆ ಕಣಗಳು ಒರಟಾಗಿ ಬೇಗನೆ ತಳಕ್ಕಿಳಿಯುತ್ತವೆ. ಕಬ್ಬಿಣದ ಪಾತ್ರೆ ಕೂಡದು. ಮಾಡಿದ ದಿನವೇ ಬಳಸಬೇಕು, ಏಕೆಂದರೆ ಇಟ್ಟಂತೆಲ್ಲ ಕಣಗಳು ದಪ್ಪವಾಗಿ ಅಂಟುಗುಣ ಕುಗ್ಗುತ್ತದೆ. ಬೆರೆಸಿದ ಬಳಿಕ ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುವುದುಂಟಲ್ಲವೆ? ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರವಿನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಕಬ್ಬಿಣದ ಅಣುಗಳು ಕರಗಿ ನೀರಿಗೆ ಇಳಿಯುತ್ತವೆ, ಅವುಗಳ ಸ್ಥಾನದಲ್ಲಿ ತಾಮ್ರ ಬಂದು ಕೂರುತ್ತದೆ. ಆಗ ಇನ್ನಷ್ಟು ಸುಣ್ಣ ಬೇಕು. ಹಳೆಯ ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಬಲಗುಂದಿರುವುದರಿಂದ ಅಳತೆಯೊಂದನ್ನೇ ನಂಬುವಂತಿಲ್ಲ; ಕತ್ತಿಯ ಪರೀಕ್ಷೆ ಬೇಕೇ ಬೇಕು.

ಮೇಲ್ಮೈಯು ಅಂಟಿಸಿಕೊಳ್ಳುವುದಲ್ಲದೆ ಅಣುಗಳನ್ನು ಮುರಿದು ಕೂಡಿಸುವುದೂ ಉಂಟು. ನಾವು ತೋಟಕ್ಕೆ ಹಾಕುವ ಯೂರಿಯಾದ ಮೂಲ ಅಮೋನಿಯ. ಗಾಳಿಯಲ್ಲಿ ಹೇರಳವಾಗಿರುವ ಸಾರಜನಕದ ಅಣುವಿನ ಜೋಡಿ ಪರಮಾಣುಗಳ ಬಿಗಿಯಾದ ಬಂಧನವನ್ನು ಸಡಿಲಿಸಿ ಜಲಜನಕದೊಡನೆ ಕೂಡಿಸುವ ಕೆಲಸ ಕಾರ್ಖಾನೆಯಲ್ಲಿ ಕಬ್ಬಿಣದ ಮೇಲ್ಮೈಯಲ್ಲಿ ನಡೆಯುತ್ತದೆ. 1913ರಿಂದ ಹೀಗೆ ಅಮೋನಿಯ ತಯಾರಾಗುತ್ತಿದ್ದರೂ ಅಲ್ಲಿ ಹೆಜ್ಜೆಹೆಜ್ಜೆಗೂ ಏನಾಗುತ್ತದೆಂಬುದನ್ನು ಬಹುಕಾಲದ ಅನಂತರ ಬಿಡಿಸಿ ತೋರಿಸಿದ ಗೆರ್‌ಹಾರ್ಡ್ ಎರ್ಟ್ಲ್‌ಗೆ 2007ರ ನೊಬೆಲ್ ಬಹುಮಾನ ಸಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಘನಸ್ಥಿತಿ ರಸಾಯನದ ವಿಭಾಗವನ್ನು ಕಟ್ಟಿದ ನಮ್ಮ ಸಿ. ಎನ್. ಆರ್. ರಾವ್ ಅವರೂ, ಅವರ ಶಿಷ್ಯರೂ ಲೋಹಗಳ ಮೇಲ್ಮೈಗೆ ಸಾರಜನಕವೇ ಮೊದಲಾದ ಅಣುಗಳು ಹೇಗೆ ಅಂಟುತ್ತವೆಂಬುದನ್ನು ಪರಿಶೋಧಿಸಿದರು.

ಇನ್ನು ಮಣ್ಣಿನ ಮಾತು. ಎಲೆಯಿಂದ ತೊಳೆದುಬಂದ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಮೇಲ್ಮಣ್ಣಿನ ಜೇಡಿಗೂ ಕೊಳೆತ ಸಾವಯವಕ್ಕೂ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ವಸ್ತುವೊಂದರ ಮೇಲ್ಮೈ ಹೀಗೆ ಅಣುಗಳನ್ನು ಹಿಡಿದಿಡುವುದಕ್ಕೆ ಶಾಸ್ತ್ರದಲ್ಲಿ ಅಧಿಶೋಷಣೆ ಎಂದು ಹೆಸರು. ವರ್ಷವರ್ಷವೂ ಸಿಂಪಡಿಸಿದಂತೆ ತಾಮ್ರ ಸೇರುತ್ತಲೇ ಹೋಗಿ ಎರೆಹುಳುವಿಗೂ ಉಪಕಾರಿ ಶಿಲೀಂಧ್ರಗಳಿಗೂ ಕಂಟಕವಾಗಬಲ್ಲದು. ಬುಡಕ್ಕೆ ಹಾಕುವ ಟ್ರೈಕೋಡರ್ಮಾವನ್ನು ತಾಮ್ರದ ಔಷಧದೊಡನೆ ಬೆರೆಸಬಾರದೆನ್ನುವುದು ಇದಕ್ಕೇ. ನಮ್ಮ ಕೆಂಪುಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಮ್‌ಗಳ ಆಕ್ಸೈಡು ಹೆಚ್ಚಾಗಿರುವುದರಿಂದ ಹಾಕಿದ ರಂಜಕದ ಗೊಬ್ಬರವೂ ಅದಕ್ಕೆ ಅಂಟಿ ಬೇರಿಗೆ ದಕ್ಕದೆ ಹೋಗುವುದುಂಟು. ಮಣ್ಣು ಪರೀಕ್ಷೆಗೆ ಕೊಟ್ಟು, ಹುಳಿ ಕಂಡರೆ ಸುಣ್ಣ ಹಾಕುವುದು ಇದಕ್ಕೆ ಪರಿಹಾರ.

ಅಂಟುವ ಗುಣದ ಕ್ರೂರ ಮುಖವನ್ನು ಕಂಡವರು ಕಾಸರಗೋಡಿನ ನಮ್ಮ ಬಂಧುಗಳು. ಎಣ್ಮಕಜೆ ಮೊದಲಾದ ಊರುಗಳ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ನೀರಿನಲ್ಲಿ ಬಹಳ ಕಡಿಮೆ ಕರಗುವ ಈ ವಿಷ ಮಣ್ಣಿನ ಕಣಕ್ಕೂ ತೊರೆಯ ಕೆಸರಿಗೂ ಪ್ರಾಣಿಗಳ ಕೊಬ್ಬಿಗೂ ಅಂಟುವಂಥದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆಯಿತು. ಆ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು. ಔಷಧದ ಬಲವನ್ನು ಮಾತ್ರ ಕೇಳಿ, ಅದು ಎಲ್ಲಿ ಅಂಟುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳದಿದ್ದುದರ ಫಲವನ್ನು ಅವರು ಉಂಡರು.

ನೀರನ್ನು ಶುದ್ಧಗೊಳಿಸುವುದಕ್ಕೂ ಇದೇ ಗುಣ ಒದಗುತ್ತದೆ. ತೆಂಗಿನ ಕರಟದಿಂದ ತಯಾರಿಸಿದ ಪಟುಗೊಳಿಸಿದ ಇದ್ದಲಿನ ಒಂದು ಗ್ರಾಮಿನಲ್ಲಿ ಸಣ್ಣಸಣ್ಣ ರಂಧ್ರಗಳ ಗೋಡೆಗಳೆಲ್ಲ ಸೇರಿ ಸುಮಾರು ಇಪ್ಪತ್ತೈದು ಸೆಂಟು ಜಾಗದಷ್ಟು ಮೇಲ್ಮೈ ಇರುತ್ತದೆ. ನೀರಿನ ವಾಸನೆಯನ್ನೂ ಹಲವು ಕೀಟನಾಶಕಗಳನ್ನೂ ಅದು ಹಿಡಿದಿಡುತ್ತದೆ. ಆದರೆ ಕರಗಿದ ಲವಣವನ್ನು ಅದು ತೆಗೆಯದು, ರೋಗಾಣುಗಳ ಭಯವನ್ನೂ ನೀಗದು. ಕುಡಿಯುವ ನೀರನ್ನು ಕುದಿಸಲೇಬೇಕು. ಮೇಲ್ಮೈ ತುಂಬಿದ ಮೇಲೆ ಇದ್ದಲನ್ನು ಬದಲಿಸದಿದ್ದರೆ ಅದು ಇದ್ದೂ ಇಲ್ಲದಂತೆ.

ಕಡೆಯದಾಗಿ ಮನೆಯವರೆಲ್ಲರಿಗೂ ಎರಡು ಮಾತು. ಸಿಂಪಡಿಸಿ ಬಂದವರ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿರಿ. ಬಟ್ಟೆಯ ನೂಲೂ ಚರ್ಮವೂ ಅಣುಗಳಿಗೆ ಮೇಲ್ಮೈಯೇ. ಊಟಕ್ಕೆ ಮುನ್ನ ಸೋಪಿನಿಂದ ಕೈ ಮೈ ತೊಳೆಯಲಿ. ಪಂಪನ್ನೂ ಖಾಲಿ ಡಬ್ಬವನ್ನೂ ಕಬಿನಿಯಲ್ಲಾಗಲಿ ಬಾವಿಯ ಕಟ್ಟೆಯಲ್ಲಾಗಲಿ ತೊಳೆಯಬಾರದು. ಡಬ್ಬದ ಮೇಲಿನ ಬಣ್ಣದ ಚೌಕದಲ್ಲಿ ಕೆಂಪು ತ್ರಿಕೋನವಿದ್ದರೆ ಅದು ಅತ್ಯಂತ ವಿಷಕಾರಿ ಎಂಬುದನ್ನು ಓದು ಬಾರದವರಿಗೂ ಕಲಿಸಿರಿ. ಕೃಷಿ ಭವನದ ಕರಪತ್ರಗಳು ಮಲಯಾಳದಲ್ಲಿರುವುದರಿಂದ ನಮ್ಮ ಅನೇಕ ಹಿರಿಯರು ಅವನ್ನು ಓದದೆ ಮಡಿಸಿಡುತ್ತಾರೆ. ಶಾಲೆಯಲ್ಲಿ ಮಲಯಾಳ ಕಲಿತ ಮೊಮ್ಮಕ್ಕಳು ಅಜ್ಜನ ಪಕ್ಕದಲ್ಲಿ ಕುಳಿತು ಅವನ್ನು ಓದಿ ಕನ್ನಡದಲ್ಲಿ ಹೇಳಲಿ. ಅಜ್ಜನೂ ಕತ್ತಿಯ ಪರೀಕ್ಷೆಯನ್ನು ಅವರಿಗೆ ತೋರಿಸಿಕೊಡಲಿ. ಇಬ್ಬರಿಗೂ ಲಾಭವುಂಟು, ಬಳ್ಳಿಗೂ ಉಂಟು.