ಹಕ್ಕಿಯ ಜೊತೆ ನೆಲವೂ ಚಿತ್ರದಲ್ಲಿರಲಿ

ಕಲಬುರಗಿ ಸೀಮೆಯಲ್ಲಿ ಹಕ್ಕಿಗಳ ಫೋಟೊ ತೆಗೆಯುವ ಹುಡುಗರು ಹೆಚ್ಚುತ್ತಿದ್ದಾರೆ. ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲ ಕಡೆಯಿಂದಲೂ ನನಗೆ ಚಿತ್ರಗಳು ಬರುತ್ತವೆ. ಚಿತ್ತಾಪುರ ತಾಲ್ಲೂಕಿನಲ್ಲಿ ವಿಜ್ಞಾನ ಪಾಠ ಹೇಳುವ ಮೇಷ್ಟ್ರಿಗೆ ಇದಕ್ಕಿಂತ ಸಂತೋಷ ಬೇರೇನಿದೆ? ಆದರೂ ಒಂದು ಕೊರತೆ ಕಾಡುತ್ತದೆ. ಹಕ್ಕಿಯ ಕಣ್ಣಿನ ಹೊಳಪು, ಗರಿಯ ಎಳೆಎಳೆ ಎಲ್ಲ ಅಚ್ಚುಕಟ್ಟಾಗಿ ಬಂದಿರುತ್ತದೆ. ಅದು ನಿಂತ ನೆಲ ಮಾತ್ರ ಮಸುಕಾಗಿ ಬರೀ ಬಣ್ಣವಾಗಿರುತ್ತದೆ. ನಮ್ಮ ಭಾಗದಲ್ಲಿ ಮೊದಲು ಕಳೆದುಹೋಗುತ್ತಿರುವುದು ಆ ನೆಲವೇ.

ನೆಲಗುಬ್ಬಿಯನ್ನೇ ನೋಡಿ. ಗುಬ್ಬಿಗಿಂತಲೂ ಚಿಕ್ಕದು, ಗಂಡಿನ ಹೊಟ್ಟೆ ಕಪ್ಪು, ನೆತ್ತಿ ಬೂದು. ಹೆಂಟೆಯ ಮೇಲೆ ಕೂತರೆ ಹೆಂಟೆಯ ಹಾಗೇ ಇರುತ್ತದೆ, ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ. ಜೋಡಿ ಕಟ್ಟುವ ಕಾಲ ಬಂದಾಗ ಇದೇ ಹಕ್ಕಿ ರೆಕ್ಕೆ ಪಟಪಟಿಸುತ್ತ ನೆಟ್ಟಗೆ ಮೇಲೇರುತ್ತದೆ. ಮರದೆತ್ತರ ದಾಟಿದ ಮೇಲೆ ರೆಕ್ಕೆ ಮುಚ್ಚಿ, ತಲೆ ಕೆಳಗಾಗಿ, ಉದ್ದನೆಯ ಸಿಳ್ಳೆ ಹಾಕುತ್ತ ಬೀಳತೊಡಗುತ್ತದೆ. ಬಿದ್ದ ರಭಸದಲ್ಲೇ ಮತ್ತೆ ತುಸು ಮೇಲಕ್ಕೆ ಚಿಮ್ಮಿ ಮತ್ತೆ ಬೀಳುತ್ತದೆ. ಹೀಗೆ ಅಲೆ ಅಲೆಯಾಗಿ ಇಳಿದು, ಇನ್ನೇನು ನೆಲಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿ ಕೂರುತ್ತದೆ. ಹೆಣ್ಣು ಅಲ್ಲೇ ಎಲ್ಲೋ ಕಾಳು ಹೆಕ್ಕುತ್ತಿರುತ್ತದೆ. ಈ ಆಟಕ್ಕೆ ಬೇಕಾದದ್ದು ತೆರೆದ ಬಯಲು, ಚೋಟುದ್ದ ಹುಲ್ಲು, ಹರಳುಕಲ್ಲು. ಗೂಡೆಂದರೆ ನೆಲದ ಮೇಲಿನ ಸಣ್ಣ ತಗ್ಗು, ಅಷ್ಟೇ.

ಒಮ್ಮೆ ಗಾಯರಾಣದಲ್ಲಿ ಕ್ಯಾಮೆರಾ ಹಿಡಿದು ಮುಂದೆ ಸರಿಯುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ಕೂಗಿ ಹೇಳಿದರು: ‘ಅಲ್ಲಿ ಹೋಗಬ್ಯಾಡ್ರಿ ಸರ, ಕಾಲಾಗ ತತ್ತಿ ಸಿಗ್ತಾವ.’ ಹಿಂಡನ್ನೂ ಅವರು ಆ ಜಾಗ ಬಿಟ್ಟು ಸುತ್ತಿ ಹೊಡೆದುಕೊಂಡು ಹೋದರು. ನಾನು ಕಂಡ ಪಕ್ಷಿ ವೀಕ್ಷಕರಲ್ಲಿ ಅವರಿಗೆ ಮೊದಲ ಸ್ಥಾನ ಕೊಡುತ್ತೇನೆ.

ಗೀಜಗನ ಕತೆ ಬೇರೆ. ಮಿರಗದ ಮಳೆ ಬಿದ್ದು ಹಸಿರೆಲೆ ಬಂದ ಮೇಲೆ ಬಾವಿ, ಹಳ್ಳ, ನೀರು ನಿಂತ ಹಳೆಯ ಪರ್ಸಿ ಗಣಿಗಳ ಮೇಲೆ ಬಾಗಿದ ಜಾಲಿಯಲ್ಲಿ ಗಂಡು ನೇಯತೊಡಗುತ್ತದೆ. ಗೂಡು ಅರ್ಧವಾದಾಗ ನಿಲ್ಲಿಸಿ, ಅದಕ್ಕೇ ಜೋತುಬಿದ್ದು ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಗೆ ಹೊಕ್ಕು, ನೇಯ್ಗೆ ಎಳೆದು ನೋಡಿ ಒಪ್ಪಿದರೆ ಮಾತ್ರ ಕೊಳವೆಯಂಥ ಬಾಗಿಲಿನ ಕೆಲಸ ಮುಂದುವರಿಯುತ್ತದೆ. ಅದು ಮುಗಿದ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತದೆ, ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಇದನ್ನು 1930ರಲ್ಲಿ ಮುಂಬೈ ಸಮೀಪದ ಕಿಹಿಮ್‌ನಲ್ಲಿ ಕೂತು ನೋಡಿ ಬರೆದವರು ಸಲೀಂ ಅಲಿ. ಮುಂದೆ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. ಆಗ ನಮ್ಮ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು.

ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 135 ಚದರ ಕಿಲೋಮೀಟರ್. ಅಲ್ಲಿ ಅರಣ್ಯ ಇಲಾಖೆ ಇದೆ, ಕಾನೂನಿದೆ. ನೆಲಗುಬ್ಬಿ, ಗೌಜುಗಗಳು ಹೆಚ್ಚಾಗಿ ಇರುವುದು ಅದರ ಹೊರಗೆ, ಪಹಣಿಯಲ್ಲಿ ಖರಾಬು, ಗಾಯರಾಣ ಎಂದು ದಾಖಲಾದ ಜಾಗಗಳಲ್ಲಿ. ಅಲ್ಲಿಗೆ ಗಣಿ ಬರುತ್ತದೆ, ಲೇಔಟ್ ಬರುತ್ತದೆ. ರಸ್ತೆ ಅಗಲವಾಗುವಾಗ ಪೊಟರೆಯಿದ್ದ ಹಳೆಯ ಮರ ಉರುಳಿದರೆ ನೀಲಕಂಠಕ್ಕೆ ಮೊಟ್ಟೆಯಿಡಲು ಜಾಗವಿಲ್ಲ. ನಮ್ಮ ರಾಜ್ಯಪಕ್ಷಿ ಅದು. ಬೇಸಿಗೆಯಲ್ಲಿ ಗಂಡು ಆಕಾಶದಿಂದ ಹೊರಳಿ ಹೊರಳಿ ಬೀಳುವಾಗ ರೆಕ್ಕೆಯ ನೀಲಿ ಬಿಸಿಲಿಗೆ ಝಗ್ಗೆನ್ನುವುದನ್ನು ಕಂಡವರು ಈ ಮಾತಿನ ನೋವು ಬಲ್ಲರು. ಎರೆಭೂತದ ಗತಿ ನಮ್ಮ ಕಣ್ಣೆದುರೇ ಇದೆ. ಗಂಟಲಚೀಲ ಉಬ್ಬಿಸಿ ಗುಮ್ಮೆಂದು ಹೆಣ್ಣನ್ನು ಕರೆಯುತ್ತಿದ್ದ ಆ ದೊಡ್ಡ ಹಕ್ಕಿ ಬಯಲು ಹೋದ ಹಾಗೆ ತಾನೂ ಹೋಯಿತು. ರಾಜ್ಯದಲ್ಲಿ ಈಗ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿವೆ.

ಹುಡುಗರಿಗೆ ನೇರವಾಗಿ ಹೇಳುತ್ತೇನೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಗಂಡನ್ನು ಹತ್ತಿರ ಕರೆಯುವುದು ಬಿಡಿ. ಎದುರಾಳಿ ಬಂದನೆಂದು ಅದು ಹೆಣ್ಣನ್ನೂ ಮೇವನ್ನೂ ಬಿಟ್ಟು ಹೋರಾಟಕ್ಕೆ ಬರುತ್ತದೆ. ಗೂಡಿನ ಹತ್ತಿರ ಹೋಗಬೇಡಿ, ಗೂಡಿದ್ದ ಜಾಗವನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ನೀವು ಎದ್ದು ಬಂದ ಮೇಲೆ ಅಲ್ಲಿಗೆ ಕಾಗೆ ಬರುತ್ತದೆ. ದೂರ ಕೂತು ಕುಣಿತದ ಚಿತ್ರ ತೆಗೆಯಿರಿ, ಅದೇ ಜಾಗದ ಅಗಲವಾದ ಚಿತ್ರವೊಂದನ್ನೂ ತೆಗೆಯಿರಿ. ಗುಡ್ಡ, ಹುಲ್ಲು, ಹಿಂದಿನ ಫ್ಯಾಕ್ಟರಿ ಚಿಮಣಿ ಎಲ್ಲ ಕಾಣಲಿ. ಇ-ಬರ್ಡ್‌ನ ದಾಖಲೆ ಕ್ರಮದಲ್ಲಿ ಪ್ರಣಯದ ಕುಣಿತ ಕಂಡರೆ ಅಲ್ಲಿ ಹಕ್ಕಿ ಮರಿ ಮಾಡುವ ಸಂಭವವಿದೆ ಎಂದೇ ಲೆಕ್ಕ. ನಿಮ್ಮ ಚಿತ್ರ ಸಾಕ್ಷಿಯಾಗುವುದು ಹೀಗೆ.

ಈ ಸಾಕ್ಷಿ ಇಡಲು ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ಊರಿನ ಗಾಯರಾಣದ ಎರಡು ಚಿತ್ರ ಪ್ರಿಂಟ್ ಹಾಕಿಸಿ, ಹಿಂದೆ ಸರ್ವೆ ನಂಬರ್, ದಿನಾಂಕ, ಹಕ್ಕಿಯ ಹೆಸರು ಬರೆಯಿರಿ. ಒಂದು ಅರ್ಜಿ ಲಗತ್ತಿಸಿ ಪಿಡಿಒ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಮಳೆಗಾಲ ಮುಗಿಯುವುದರೊಳಗೆ ಇಷ್ಟು ಮಾಡಿ.