ಹಾಡಿನ ಆಯ್ಕೆ ಮತ್ತು ಅರ್ಥಗಾರಿಕೆ



ಮಕ್ಕಳು ತಮಗೆ ಪ್ರಿಯವಾದ ಸಂಗೀತವನ್ನು ಶಾಲೆಯ ಕೆಲಸಕ್ಕೆ ತಂದರೆ ಹಿರಿಯರು ಅದರ ಸದ್ದನ್ನು ಆಕ್ಷೇಪಿಸುತ್ತಾರೆಯೇ ಹೊರತು ಅದರ ಅರ್ಥವನ್ನು ವಿಚಾರಿಸುವುದಿಲ್ಲ. ಕ್ಯಾಲಿಫೋರ್ನಿಯದ ಪ್ರೌಢಶಾಲೆಯಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗನ ವಿಷಯದಲ್ಲಿಯೂ ಹಾಗೆಯೇ ಆಗಿದೆ. ಒಂದು ಹಾಡನ್ನು ಆರಿಸಿ, ಸಹಪಾಠಿಗಳೊಡನೆ ಅದಕ್ಕೆ ಮ್ಯೂಸಿಕ್ ವಿಡಿಯೋ ತಯಾರಿಸುವ ಕೆಲಸ ಅವನಿಗೆ ಬಂದಿದೆ. ಅವನಿಗೆ ಪಾಪ್-ಪಂಕ್ ಹಾಡು ಬೇಕು. ಮನೆಯವರಿಗೆ 'ಆ ಗಲಾಟೆ' ಬೇಡ. ನನ್ನ ಅಭಿಪ್ರಾಯ ಕೇಳಿದ್ದಾರೆ. ನಾನು ಹುಡುಗನ ಪಕ್ಷ. ಆದರೆ ಒಂದು ನಿಬಂಧನೆಯುಂಟು.

ಈ ಸಂಗೀತವನ್ನು ಬರಿಯ ಗಲಾಟೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ನ್ಯೂಯಾರ್ಕಿನ ರಮೋನ್ಸ್ ತಂಡ 1976ರ ತನ್ನ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿತು. ಆ ವೇಗಕ್ಕೆ ಇಂಪಾದ ಧಾಟಿ ಬೆರೆತ ಪಾಪ್-ಪಂಕ್, ಗ್ರೀನ್ ಡೇ ತಂಡದ 'ಡೂಕಿ' 1994ರಲ್ಲಿ ಹೊರಬಂದ ಮೇಲೆ ದೇಶದೇಶಗಳಿಗೆ ಹರಡಿತು. ಕ್ಯಾಲಿಫೋರ್ನಿಯದ ಆ ತಂಡ ಎಳೆಯ ದಿನಗಳಲ್ಲಿ ಹಾಡುತ್ತಿದ್ದುದು ಬರ್ಕ್ಲಿಯ ಗಿಲ್ಮನ್ ಬೀದಿಯಲ್ಲಿ, ಸ್ವಯಂಸೇವಕರು ನಡೆಸುವ, ಕಿರಿಯರಿಗೂ ಪ್ರವೇಶವಿರುವ ಒಂದು ಸಭಾಂಗಣದಲ್ಲಿ. ಬೇಸರ, ಭಯ, ಗೆಳೆತನ, ಊರು ಬಿಡುವ ಹಂಬಲ ಇವೇ ಈ ಹಾಡುಗಳ ವಸ್ತು. ಹದಿನೈದರ ಹರೆಯದವರಿಗೆ ಇದಕ್ಕಿಂತ ಹತ್ತಿರವಾದುದು ಯಾವುದು? ಅವಾಚ್ಯ ಪದಗಳಿರುವ ಹಾಡುಗಳೂ ಇವುಗಳಲ್ಲಿ ಹೇರಳ. ಆದುದರಿಂದ ಸಾಹಿತ್ಯವನ್ನು ಪೂರ್ತಿ ಓದಿ ಆರಿಸಬೇಕೆಂಬ ಹಿರಿಯರ ಮಾತನ್ನು ಒಪ್ಪುತ್ತೇನೆ.

ಇನ್ನು ನಿಬಂಧನೆ. ತಾಳಮದ್ದಲೆಯಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಯು ಅದನ್ನೇ ಗದ್ಯದಲ್ಲಿ ಒಪ್ಪಿಸಿದರೆ ಸಭೆ ಆಕಳಿಸುತ್ತದೆ. ಪದ್ಯ ಹೇಳದೆ ಉಳಿಸಿದುದನ್ನು ಪಾತ್ರದ ಒಳಗಿನಿಂದ ತೆಗೆದು ತೋರಿಸಬಲ್ಲವನೇ ನಿಜವಾದ ಅರ್ಥಧಾರಿ. ಹಾಡಿಗೂ ಚಿತ್ರಕ್ಕೂ ಇರಬೇಕಾದ ಸಂಬಂಧ ಅದೇ. ಹಾಡಿನಲ್ಲಿ ಮಳೆ ಬಂದೊಡನೆ ಪರದೆಯ ಮೇಲೂ ಮಳೆ ಸುರಿಸುವುದು ಬರಿಯ ಗದ್ಯಾನುವಾದ.

ಗ್ರೀನ್ ಡೇ ತಂಡದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಅವರ ತಂದೆ 1982ರ ಸೆಪ್ಟೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮಗನಿಗೆ ಆಗ ಹತ್ತು ವರ್ಷ. 'ವೇಕ್ ಮಿ ಅಪ್ ವೆನ್ ಸೆಪ್ಟೆಂಬರ್ ಎಂಡ್ಸ್' ಎಂಬ ಹಾಡು ಹುಟ್ಟಿದ್ದು ಆ ದುಃಖದಿಂದ. ಆದರೆ ಸ್ಯಾಮ್ಯುಯೆಲ್ ಬೇಯರ್ 2005ರಲ್ಲಿ ಅದಕ್ಕೆ ನಿರ್ದೇಶಿಸಿದ ವಿಡಿಯೋದ ಕಥೆ ಬೇರೆ: ಸೈನ್ಯಕ್ಕೆ ಸೇರಿ ಇರಾಕಿಗೆ ಹೋಗುವ ತರುಣ, ಹಿಂದೆ ಉಳಿಯುವ ಅವನ ಗೆಳತಿ. ತಂದೆಯ ಸಾವು ಅಲ್ಲಿಲ್ಲ; ಅಗಲಿಕೆ ಮಾತ್ರ ಹಾಗೆಯೇ ಇದೆ. ಇದು ಅರ್ಥಗಾರಿಕೆ.

ನಮ್ಮ ಹುಡುಗನ ಮನಸ್ಸಿನಲ್ಲಿರುವುದು ಕಳೆದ ವರ್ಷ ಊರು ಬಿಟ್ಟುಹೋದ ಗೆಳೆಯ, ಶಾಲೆಯ ಬಸ್ಸಿನಲ್ಲಿ ಖಾಲಿಯಾಗಿ ಉಳಿದ ಅವನ ಆಸನ. ಅಬ್ಬರದ ಹಾಡಿನ ನಡುವೆ ಆ ಖಾಲಿ ಆಸನ ಎಷ್ಟು ಮಾತನಾಡೀತು! ಮೃದುವಾದ ಶೋಕಗೀತೆಯನ್ನಿಟ್ಟರೆ ಅದೇ ಚಿತ್ರ ಸಪ್ಪೆಯಾದೀತು. ಆದರೆ ಪ್ರಸಿದ್ಧ ವಿಡಿಯೋ ಇರುವ ಹಾಡು ಬೇಡ. ಕಣ್ಣಿಗೆ ಕಟ್ಟಿದ ಚಿತ್ರವನ್ನೇ ಕೈ ನಕಲು ಮಾಡುತ್ತದೆ.

ಸ್ವಲ್ಪ ಗಣಿತವನ್ನೂ ಮಾಡಬೇಕು. ನಿಮಿಷಕ್ಕೆ 180 ಬಡಿತಗಳಿರುವ ಮೂರು ನಿಮಿಷದ ಹಾಡಿನಲ್ಲಿ 540 ಬಡಿತ. ನಾಲ್ಕು ಬಡಿತಕ್ಕೊಮ್ಮೆ ದೃಶ್ಯ ಬದಲಾಯಿಸಿದರೆ 135 ದೃಶ್ಯಗಳು ಬೇಕು. ಎರಡು ರಜಾದಿನಗಳಲ್ಲಿ ಚಿತ್ರಿಸುವ ಮಕ್ಕಳಿಗೆ ಇದು ಭಾರ. ನಿಧಾನವಾಗಿ ಆರಂಭವಾಗಿ ಪಲ್ಲವಿಯಲ್ಲಿ ಸಿಡಿಯುವ ಹಾಡಾದರೆ ಉಸಿರಾಡಲು ಎಡೆ ಸಿಗುತ್ತದೆ. ತರಗತಿಯಲ್ಲಿ ತೋರಿಸುವುದು ಬೇರೆ, ಅಂತರ್ಜಾಲಕ್ಕೆ ಏರಿಸುವುದು ಬೇರೆ ಎಂಬುದೂ ನೆನಪಿರಲಿ. ಹಾಡಿನ ರಚನೆಗೊಂದು, ಧ್ವನಿಮುದ್ರಣಕ್ಕೊಂದು, ಹೀಗೆ ಎರಡು ಪ್ರತ್ಯೇಕ ಹಕ್ಕುಗಳಿರುತ್ತವೆ. ಶಾಲೆಯಲ್ಲಿಯೇ ಹಾಡು ಕಟ್ಟುವ ಗೆಳೆಯರಿದ್ದರೆ ಅವರ ಒಪ್ಪಿಗೆ ಪಡೆದು ಅವರದನ್ನೇ ಬಳಸುವುದು ಇನ್ನೂ ಮೇಲು.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ತಾಯಿತಂದೆಯರಾಗಿದ್ದೀರಿ. ಮಗು ಯಾವ ಹಾಡನ್ನೇ ತರಲಿ, "ಇದು ಹೇಳದ ಯಾವುದನ್ನು ನೀನು ತೋರಿಸುವೆ?" ಎಂದು ಕೇಳಿ. ಉತ್ತರವಿದ್ದರೆ ಸದ್ದನ್ನು ಮೂರು ನಿಮಿಷ ಸಹಿಸಿಕೊಳ್ಳಿ. ಉತ್ತರವಿಲ್ಲದಿದ್ದರೆ, ನಿಮಗೆ ಎಷ್ಟೇ ಇಂಪಾಗಿ ಕೇಳಿಸಿದರೂ, ಅದು ಆ ಮಗುವಿನ ಹಾಡಲ್ಲ.